ವಿಜಯಪುರದ ಬಿಸಿಲಿಗೆ ಅಡಗಿಮನಿ ಕಟ್ಟಿ ಮ್ಯಾಲ ಯಾವ ಕಟಗಿ? ಸಾಗವಾನಿ, ಬೇವು, ಮತ್ತಿ, ಪ್ಲೈ

ಗುಮ್ಮಟನೆರಳು (ವಿಜಯಪುರ):
ಹೊಸ ಅಡಗಿಮನಿ ಕೆಲಸ ಸುರು ಆಗೂದೈತಿ. ಎಲ್ ಆಕಾರದ ಕಟ್ಟಿ. ಒಂದು ಕೈ 8 ಅಡಿ, ಇನ್ನೊಂದು 6 ಅಡಿ, ಅಗಲ 2 ಅಡಿ. 6 ಅಡಿ ಕಡೆ ಸಿಂಕು, ಗ್ಯಾಸ್. 8 ಅಡಿ ಕಡೆ ರೊಟ್ಟಿ ಬಡಿಯೂದು, ಹೆಚ್ಚೂದು, ಮಿಕ್ಸರ್. ಈ 8 ಅಡಿ ಮ್ಯಾಲ ಕಟಗಿ ಹಲಗಿ ಹಾಕೂ ವಿಚಾರ ಐತಿ, ಕೆಳಗಿನ ಕಪಾಟಿನ ಬಾಗಿಲಾನೂ ಕಟಗಿದೇ ಬೇಕು. ಮುಂದಿರೋ ಆಯ್ಕೆ ನಾಲ್ಕು: ಖಾನಾಪುರ ಕಡೀ ಸಾಗವಾನಿ, ಘಾನಾ ಸಾಗವಾನಿ, ಮತ್ತಿ, ಮತ್ತ ಹೊಲದಾಗ ಬಿದ್ದಿರೋ ಬೇವಿನ ಬೊಡ್ಡಿ (ಸುತ್ತಳತಿ 48 ಇಂಚು, ಉದ್ದ 7 ಅಡಿ). ನೀರಿಗೆ ಯಾವುದು ತಡೀತೈತಿ ಹೇಳ್ರಿ.

ತೇವಮಾಪಕ (ಬೆಳಗಾವಿ):
ನೀರಿಗೆ ಯಾವುದು ತಡೆಯುತ್ತದೆ ಎನ್ನುವುದು ಬೆಳಗಾವಿಯವರ ಪ್ರಶ್ನೆ. ವಿಜಯಪುರದವರು ಕೇಳಬೇಕಾದದ್ದು ಒಣಹವೆಗೆ ಯಾವುದು ತಡೆಯುತ್ತದೆ ಅಂತ.

ಕಟ್ಟಿಗೆ ತನ್ನ ಸುತ್ತಲಿನ ಗಾಳಿಯಷ್ಟೇ ಒಣಗುತ್ತದೆ, ಅಷ್ಟೇ ಹಸಿಯಾಗುತ್ತದೆ. ಗಾಳಿಯ ತೇವ ಶೇ 85 ಇರುವ ಕಡೆ ಬಹಳ ದಿನ ಇಟ್ಟ ಹಲಗೆಯಲ್ಲಿ ಶೇ 17-18ರಷ್ಟು ನೀರು ನಿಲ್ಲುತ್ತದೆ. ಗಾಳಿಯ ತೇವ ಶೇ 30ಕ್ಕೆ ಇಳಿದರೆ ಅದೇ ಹಲಗೆ ಶೇ 6ಕ್ಕೆ ಬಂದು ನಿಲ್ಲುತ್ತದೆ. ಮೊದಲನೆಯದು ಖಾನಾಪುರದ ಮಳೆಗಾಲ, ಎರಡನೆಯದು ನಿಮ್ಮೂರಿನ ಏಪ್ರಿಲ್-ಮೇ.

ಈಗ ಲೆಕ್ಕ ಹಾಕಿ. ಸಾಗವಾನಿಯ ತೇವ ಒಂದು ಶೇಕಡಾ ಇಳಿದರೆ ಅಡ್ಡಸೀಳಿನ ಹಲಗೆ (ಕೊಯ್ದ ತುದಿಯಲ್ಲಿ ಮರದ ಬಳೆ ಸುತ್ತುಗಳು ಮಲಗಿದಂತೆ ಕಾಣುವಂಥದ್ದು) ತನ್ನ ಅಗಲದ ಸುಮಾರು 0.00186 ಭಾಗ ಕುಗ್ಗುತ್ತದೆ. 600 ಮಿ.ಮೀ. ಅಗಲದ ಹಲಗೆಯನ್ನು ಶೇ 14ರ ತೇವದಲ್ಲಿ ಜೋಡಿಸಿ ನಿಮ್ಮಲ್ಲಿಗೆ ತಂದರೆ, ಬೇಸಿಗೆಯಲ್ಲಿ ಅದು ಶೇ 7ಕ್ಕೆ ಇಳಿಯುವಷ್ಟರಲ್ಲಿ 8 ಮಿ.ಮೀ. ಹತ್ತಿರ ಸಣ್ಣದಾಗಿರುತ್ತದೆ. ಸಾಗವಾನಿ ತೀರ ಕಡಿಮೆ ಆಡುವ ಕಟ್ಟಿಗೆಗಳಲ್ಲಿ ಒಂದು, ಅದರದೇ ಈ ಗತಿ. ಅಂಗಡಿಯಲ್ಲಿ ಸಿಗುವ ವಿದೇಶಿ ಬೀಚ್ ಕಟ್ಟಿಗೆ ಇದರ ಎರಡು ಪಟ್ಟಿಗಿಂತ ಹೆಚ್ಚು ಆಡುತ್ತದೆ. ಆ 8 ಮಿ.ಮೀ.ಗೆ ಜಾಗ ಬಿಡದೆ ಹಲಗೆಯನ್ನು ಎರಡೂ ಕಡೆ ಬಿಗಿದಿದ್ದರೆ ಅದು ತನ್ನ ಜಾಗ ತಾನೇ ಮಾಡಿಕೊಳ್ಳುತ್ತದೆ, ನಡುವೆ ಸೀಳಿ.

ಐಎಸ್ 287 ಎಂಬ ಭಾರತೀಯ ಮಾನಕ ಇರುವುದೇ ಇದಕ್ಕೆ. ಗಾಳಿಯ ತೇವದ ಮೇಲೆ ದೇಶವನ್ನು ನಾಲ್ಕು ವಲಯ ಮಾಡಿ, ಯಾವ ವಲಯದಲ್ಲಿ ಯಾವ ಕೆಲಸಕ್ಕೆ ಕಟ್ಟಿಗೆ ಎಷ್ಟು ಒಣಗಿರಬೇಕು ಅಂತ ಹೇಳುತ್ತದೆ. ಮಾನಕ ಓದದಿದ್ದರೂ ನಡೆಯುತ್ತದೆ. ನಿಮ್ಮ ಮೇಲ್ಹಲಗೆಗೆ ಶೇ 8ರಿಂದ 10ರ ಒಳಗಿನ ಕಟ್ಟಿಗೆ ಬೇಕು ಅಂತ ನೆನಪಿಟ್ಟರೆ ಸಾಕು.

ಅಡ್ಡಾ_ಗರಗಸ (ಖಾನಾಪುರ ರೋಡ್):
ಮೇಲಿನ ಮಾತು ಖರೆ. ಆದರ ಕಟಗಿ ಮಾರೂ ಅಡ್ಡಾದಾಗ ಹೋಗಿ "ಶೇ 9 ಐತೇನ್ರಿ" ಅಂದ್ರ ಎಲ್ಲಾರೂ "ಐತಿ" ಅಂತಾರ. ಅಳದು ನೋಡೂದು ಹೆಂಗ ಅಂದ್ರ:

ಎರಡು ಮುಳ್ಳಿನ ಮೀಟರ್ ಹಲಗಿ ಮ್ಯಾಲಿನ ಚರ್ಮ ಅಷ್ಟೇ ನೋಡ್ತೈತಿ. ಬಿಸಿಲಾಗ ನಿಂತ ಹಲಗಿ ಮ್ಯಾಲ ಶೇ 9 ತೋರಿಸಿ ಹೊಟ್ಟ್ಯಾಗ 16 ಇರ್ತದ. ಒಂದು ಹಲಗಿ ನಡುವ ಕೊಯ್ಸಿ, ಆ ಹೊಸ ಮುಖಕ್ಕ ಮೀಟರ್ ಚುಚ್ಚರಿ. ತುದಿಯಿಂದ ಒಂದೂವರಿ ಅಡಿ ಒಳಗ ಕೊಯ್ಯಬೇಕು, ತುದಿ ಯಾವಾಗಲೂ ಮೊದಲು ಒಣಗಿರ್ತೈತಿ.

ಮೀಟರ್ ಇಲ್ಲಂದ್ರ ತಕ್ಕಡಿ ಸಾಕು. ಅದೇ ಜಾಗದಿಂದ ಒಂದಿಂಚು ದಪ್ಪದ ಚೂರು ತಗದು ತೂಗರಿ. ಮನಿ ಓವನ್‌ದಾಗ 103 ಡಿಗ್ರಿ ಇಟ್ಟು, ತಾಸಿಗೊಮ್ಮಿ ತೂಗಿ, ತೂಕ ಇಳಿಯೂದು ನಿಂತ ಮ್ಯಾಲ ಬರಕೊಳ್ರಿ. ಹಸಿ ತೂಕ 230 ಗ್ರಾಂ, ಒಣ ತೂಕ 200 ಅಂದ್ರ ಹೋದ ನೀರು 30. ಭಾಗಿಸೂದು ಒಣ ತೂಕದಿಂದ, ಹಸಿದರಿಂದಲ್ಲ. 30 ಭಾಗ 200, ಅಂದ್ರ ಶೇ 15. ಇಂಥಾದ್ದು ಬಾಗಿಲ ಚೌಕಟ್ಟಿಗೆ ನಡೀತದ, ಕಟ್ಟಿ ಮ್ಯಾಲಿನ ಹಲಗಿಗೆ ನಡ್ಯೂದುಲ್ಲ.

ಇನ್ನ ಸಾಗವಾನಿ ಹೆಸರಿನ ಗದ್ದಲ. ನಮ್ಮ ಕಡೆ ದಾಂಡೇಲಿ-ಖಾನಾಪುರದ ಮಾಲು, ಸಿ.ಪಿ. ಮಾಲು, ಘಾನಾ ಅಂತ ಮೂರು ಮಾತು ಓಡ್ತಾವ. ಸಿ.ಪಿ. ಅಂದ್ರ ಹಳೇ ಸೆಂಟ್ರಲ್ ಪ್ರಾವಿನ್ಸಸ್, ಈಗಿನ ಬಲ್ಲಾರ್ಷಾ-ಚಂದ್ರಪುರ ಕಡೀದು. ಘಾನಾದ್ದೂ ಅದೇ ಜಾತಿ ಮರ, ಖೊಟ್ಟಿ ಅಲ್ಲ. ನೆಟ್ಟು ಬೆಳಸಿ ಸಣ್ಣ ವಯಸ್ಸಿಗೇ ಕಡದಿರ್ತಾರ, ಹಂಗಾಗಿ ಅದರಾಗ ತೊಗಟಿ ಕಡೀ ಬಿಳಿ ಭಾಗ ಜಾಸ್ತಿ, ನಡುವಿನ ತಿರುಳೂ ಹಲಗಿಯೊಳಗೇ ಬಂದಿರ್ತದ. ಬಿಳಿ ಭಾಗಕ್ಕ ಕುಟ್ಟಿ ಹುಳ ಬೀಳ್ತದ, ತಿರುಳು ಇದ್ದ ಹಲಗಿ ಸೀಳ್ತದ. ಇವೆರಡನ್ನೂ ಕೊಯ್ದು ಒಗದು, ಉಳಿದ ಕೆಚ್ಚಿನ (ಒಳಗಿನ ಗಟ್ಟಿ ಕಟಗಿ) ಲೆಕ್ಕ ಹಾಕಿ ರೇಟು ಹೋಲಿಸಿ ನೋಡ್ರಿ. ಬಿಲ್ಲಿನ ಮ್ಯಾಲ ಕಾಣೋ ಅಗ್ಗ ಅರ್ಧಕ್ಕರ್ಧ ಹೋಗಿರ್ತದ. ಕೆಚ್ಚು ಚೊಲೋ ಇದ್ದ ಘಾನಾ ಮಾಲು ಬಾಗಿಲಕ್ಕ ಧಾರಾಳ ಹಾಕಬಹುದು.

ಬಿಲ್ಲು ಮತ್ತ ಅರಣ್ಯ ಇಲಾಖೆಯ ಸಾಗಾಣಿಕೆ ಪರವಾನಗಿ ಪ್ರತಿ ಇಸಕೊಳ್ಳೂದು ಮರೀಬ್ಯಾಡ್ರಿ. ಜಿಲ್ಲಾ ದಾಟಿಸಿ ತರೂ ಮಾಲು ಅದು. ಜಾತಿ ಮ್ಯಾಲ ಸಂಶಯ ಬಂದ್ರ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗ ಚೂರು ನೋಡಿ ಇಂಥಾ ಮರ ಅಂತ ಹೇಳ್ತಾರ. ಒಂದು ಮನಿ ಕೆಲಸಕ್ಕ ಅಷ್ಟು ದೂರ ಹೋಗೂದು ಬ್ಯಾಡ. ಹೊಸಾ ಕೊಯ್ತಕ್ಕ ಚರ್ಮದಂಥಾ ವಾಸನಿ, ಬೆರಳಿಗೆ ಎಣ್ಣಿ ಜಿಡ್ಡು, ತುದಿ ಕೊಯ್ದಾಗ ಕಣ್ಣಿಗೆ ಕಾಣೋ ಬಳಿ ಬಳಿ ಸುತ್ತು, ಈ ಮೂರೂ ಕೂಡಿ ಬಂದ್ರ ಸಾಗವಾನಿ.

ಗುಮ್ಮಟನೆರಳು:
ಮತ್ತಿ, ಬೇವು ಬಗ್ಗೆ ಯಾರೂ ಹೇಳಲಿಲ್ಲ. ಬೇವು ಮನೀದು, ರೊಕ್ಕ ಉಳೀತೈತಿ.

ರಂದಾ_ಉಳಿ (ಬೆಳಗಾವಿ):
ಮತ್ತಿ ಗಟ್ಟಿ ಅನ್ನೂದು ಸುಳ್ಳಲ್ಲ, ಗಟ್ಟಿತನದ್ದೇ ಅದರ ತೊಂದರಿ. ಒಣಗುವಾಗ ಸೀಳ್ತದ, ಅಗಲ ಹಲಗಿ ಆದ್ರ ದೋಣಿ ಆಗ್ತದ, ಮೊಳಿ ಹೊಡದ್ರ ಬಾಯಿ ಬಿಡ್ತದ. ಕಟ್ಟಿ ಕೆಳಗಿನ ಕಾಲು, ಚೌಕಟ್ಟಿನ ಅಡ್ಡಪಟ್ಟಿ, ಇಂಥಾ 3 ಇಂಚು ಒಳಗಿನ ತುಂಡಿಗೆ ಹಾಕರಿ. ಮ್ಯಾಲಿನ ಹಲಗಿಗೆ ಬ್ಯಾಡ.

ಹೊನ್ನಿ ಯಾರಾದ್ರೂ ತೋರಿಸ್ತಾರ. ಚಂದ ಕಟಗಿ, ಬಣ್ಣ ಭಾಳ ಚೊಲೋ. ಆದರ ಹೊನ್ನಿ ಲೋಟದಾಗ ನೀರು ಇಟ್ಟು ಕುಡೀತಾರಲ್ಲ, ನೀರಿಗೆ ಬಣ್ಣ ಇಳೀತದ ನೋಡ್ರಿ, ಅದೇ ಬಣ್ಣ ನಿಮ್ಮ ಒರಸೂ ಬಟ್ಟಿಗೂ, ಒದ್ದಿ ಇಟ್ಟ ಹಿಟ್ಟಿಗೂ ಇಳೀತದ. ಹಲಸಿಂದೂ ಹಳದಿ ಬಿಡ್ತದ. ಇವೆರಡೂ ಕಪಾಟಿನ ಬಾಗಿಲಕ್ಕ ಒಳ್ಳೇವು. ನಂದಿ ಮರದ ಕಟಗಿ ಚೌಕಟ್ಟಿಗೆ ಸರಿ.

ಜಾಲಿ ನಿಮ್ಮ ಕಡೀ ಮರ. ಗಾಡಿ ಗಾಲಿಗೆ, ಕುಂಟಿಗೆ ಅದರ ಸರಿ ಇನ್ನೊಂದಿಲ್ಲ, ಏಟು ತಡಕೊಳ್ಳೂ ಜಾತಿ. ಅಡಗಿಮನಿ ಕಟ್ಟಿ ಮ್ಯಾಲ ಯಾಕ ಬ್ಯಾಡ ಅಂದ್ರ ಅದರಾಗ ಒಗರು ಜಾಸ್ತಿ. ಒದ್ದಿ ಕಬ್ಬಿಣ ಹಂಚು ಒಂದು ರಾತ್ರಿ ಇಟ್ರ ಬೆಳಗಾಗೂದ್ರಾಗ ಮಸಿ ಹಂಗ ಕರೀ ಗುಂಡು ಕಲಿ. ಕಬ್ಬಿಣ ಮತ್ತ ಒಗರು ಕೂಡಿದ್ರ ಮಸಿನೇ. ಮತ್ತಿಗೂ ಇದೇ ರೋಗ.

ಹುಣಸಿ ದಿಮ್ಮಿ ಕಟುಕರು ಇಟ್ಟಿರ್ತಾರಲ್ಲ, ಹೆಚ್ಚೂ ಮಣಿಗೆ ಅದು ಬರೋಬರಿ. 8 ಅಡಿ ನೇರ ಹಲಗಿ ಅದರಾಗ ಹುಡುಕಬ್ಯಾಡ್ರಿ, ಸಿಗೂದುಲ್ಲ.

ಬೇವು. ಎಳಿ ಒಂದು ಪದರ ಹಿಂಗ, ಒಂದು ಪದರ ಹಂಗ ತಿರುಗಿರ್ತದ. ರಂದಾ ಹೊಡದ್ರ ಒಂದು ಕಡೀ ಸಪಾಟು ಬರ್ತದ, ಮತ್ತೊಂದು ಕಡೀ ಕಿತ್ತು ಬರ್ತದ. ಅಗಲ ಹಲಗಿ ತಿರುಚ್ತದ. 2 ಇಂಚಿನ ಪಟ್ಟಿ ಮಾಡಿ ಅಂಟಿಸಿದ್ರ ಮಾತ್ರ ಮಾತು ಕೇಳ್ತದ. ಆದರ ನಿಮ್ಮ ಬೊಡ್ಡಿ ಉದ್ದ 7 ಅಡಿ, ಹಲಗಿ 8 ಅಡಿ. ಕಪಾಟಿನ ಬಾಗಿಲಕ್ಕ ಇಡ್ರಿ.

ಅಡ್ಡಾ_ಗರಗಸ:
ಬೇವಿನ ಲೆಕ್ಕ ಹೇಳ್ತೀನಿ. ದಿಮ್ಮಿ ಅಳತಿ ಸುತ್ತಳತಿಯ ಕಾಲುಭಾಗದ ವರ್ಗ, ಗುಣಿಸು ಉದ್ದ. 48ರ ಕಾಲುಭಾಗ 12 ಇಂಚು, 12 ಗುಣಿಸು 12 ಅಂದ್ರ 144. ಅದನ್ನ 7 ಅಡಿಗೆ ಗುಣಿಸಿ 144ರಿಂದ ಭಾಗಿಸಿದ್ರ 7 ಘನ ಅಡಿ. ಈ ಹಳೇ ಪದ್ಧತಿ ದಿಮ್ಮಿಯ ಖರೇ ಗಾತ್ರದ ಶೇ 78.5 ಅಷ್ಟೇ ಹಿಡೀತದ, ಉಳಿದದ್ದು ಕೊಯ್ತದ ಕಸ ಅಂತ ಬಿಟ್ಟ ಲೆಕ್ಕ. ಬೇವಿನಾಗ ಬಿಳಿ ಭಾಗ, ತಿರುಳು, ಸೊಟ್ಟ ತಗದು ಕೈಗೆ 4 ಘನ ಅಡಿ ಹತ್ತಿದ್ರ ಬಂಪರ್ ಅಂತ ತಿಳೀರಿ.

ಬೊಡ್ಡಿ ಬಿದ್ದು ಎಷ್ಟು ದಿನ ಆತು? ಈಗಿಂದೀಗ ತುದಿ ಎರಡಕ್ಕೂ ದಪ್ಪ ಎಣ್ಣಿ ಬಣ್ಣ ಇಲ್ಲಾ ಕರಗಿಸಿದ ಮೇಣ ಬಳೀರಿ. ತುದಿಯಿಂದ ನೀರು ಭಾಳ ಜೋರು ಹೊರಗ ಹೋಗ್ತದ, ಅದಕ್ಕ ಸೀಳು ಅಲ್ಲಿಂದಲೇ ಸುರು. ಮುಂದಿನ ವಾರದಾಗ ಒಂದೂಕಾಲು ಇಂಚು ದಪ್ಪ ಕೊಯ್ಸಿ ಅಟ್ಟಿ ಹಚ್ಚರಿ. ನೆಲದಿಂದ ಒಂದೂವರಿ ಅಡಿ ಎತ್ತರ ಕಲ್ಲು, ಅದರ ಮ್ಯಾಲ ಹಲಗಿ. ಹಲಗಿ-ಹಲಗಿ ನಡುವ 1 ಇಂಚಿನ ಚೌಕ ಪಟ್ಟಿ, 18 ಇಂಚಿಗೊಂದು, ಮ್ಯಾಲಿಂದ ಕೆಳತನಕ ಒಂದರ ಕೆಳಗೊಂದು ನೆಟ್ಟಗ ಬರಬೇಕು. ಪಟ್ಟಿ ಸರಿದು ಕೂತಲ್ಲಿ ಹಲಗಿ ಅಲೀ ಹಂಗ ಬಾಗ್ತದ. ಮ್ಯಾಲ ಫರಸಿ ಕಲ್ಲು ಹೇರರಿ.

ನಿಮ್ಮೂರಾಗ ಒಣಗೂದು ನಿಧಾನ ಆಗೂದುಲ್ಲ, ಭಾಳ ಜೋರು ಆಗ್ತದ, ತೊಂದರಿ ಅದೇ. ಮ್ಯಾಲಿನ ಚರ್ಮ ಒಣಗಿ ಬಿಗೀತದ, ಒಳಗ ಹಸಿ ಉಳೀತದ. ಆಮ್ಯಾಲ ಕೊಯ್ದಾಗ ಹಲಗಿ ಗರಗಸನ್ನೇ ಹಿಡಕೊಳ್ತದ. ಏಪ್ರಿಲ್-ಮೇದಾಗ ಅಟ್ಟಿಗೆ ಬಿಸಿಗಾಳಿ ಹೊಡಿಯೂ ಕಡೆ ಗೋಣಿಚೀಲ ಕಟ್ಟರಿ. ಬಿಸಿಲಂತೂ ಬೀಳಲೇಬಾರದು. ಒಂದಿಂಚಿಗೆ ಒಂದು ವರ್ಷ ಅಂತ ಹಳೇ ಮಾತು, ನಿಮ್ಮಲ್ಲೆ ಅದಕ್ಕಿಂತ ಮೊದಲ ಆಗಬಹುದು. ತೂಗಿ ನೋಡೇ ಹೇಳಬೇಕು.

ತೇವಮಾಪಕ:
ಹುಳದ ಮಾತು ಸೇರಿಸುತ್ತೇನೆ. ಬೇವಿನ ಎಲೆಗೆ ಹುಳ ಬರುವುದಿಲ್ಲ ಅಂತ ಕಟ್ಟಿಗೆಗೂ ಬರುವುದಿಲ್ಲ ಎಂದು ತಿಳಿದವರಿದ್ದಾರೆ. ಬಿಳಿ ಭಾಗದಲ್ಲಿ ಪಿಷ್ಟ ಇರುವ ಯಾವ ಮರಕ್ಕೂ ಪುಡಿ ಉದುರಿಸುವ ಕುಟ್ಟೆ ಹುಳ ಬೀಳಬಹುದು. ಬೋರಿಕ್ ಆಸಿಡ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ಬೆರೆಸಿ, 100 ಲೀಟರ್ ನೀರಿಗೆ ಒಟ್ಟು 5-6 ಕೆ.ಜಿ. ಹಾಕಿ, ಹಸಿ ಹಲಗೆಯನ್ನೇ ಅದ್ದಿ, ತೆಗೆದು ತಾಡಪತ್ರಿ ಮುಚ್ಚಿ ಎರಡು-ಮೂರು ವಾರ ಬಿಡಬೇಕು. ಈ ಬೋರಾನ್ ಉಪ್ಪು ಹಲಗೆಯೊಳಗಿನ ನೀರಿನ ಜಾಡು ಹಿಡಿದು ಒಳಗೆ ಇಳಿಯುತ್ತದೆ, ಅದಕ್ಕೇ ಒಣಗಿದ ಮೇಲೆ ಬಳಿದರೆ ಪ್ರಯೋಜನ ಕಡಿಮೆ. ಬೋರಾನ್ ನೀರಿಗೆ ತೊಳೆದುಹೋಗುವಂಥದ್ದು. ಕಪಾಟಿಗೆ ಸರಿ, ದಿನಾ ಒರೆಸುವ ಮೇಲ್ಹಲಗೆಗೆ ಅಲ್ಲ.

ಹಸಿರು ಛಾಯೆಯ ತಾಮ್ರ-ಕ್ರೋಮ್-ಆರ್ಸೆನಿಕ್ ಉಪಚಾರದ ಕಟ್ಟಿಗೆಯನ್ನು ಬೇಲಿ ಕಂಬಕ್ಕೆ ಬಿಟ್ಟುಬಿಡಿ. ಅಡುಗೆಮನೆಯೊಳಗೆ ತರಬೇಡಿ.

ಕೆಂಪುಕಲ್ಲು (ಇಳಕಲ್ಲ):
ಇಷ್ಟೆಲ್ಲಾ ತ್ರಾಸು ಯಾಕ್ರಿ? ನಮ್ಮೂರ ಕೆಂಪು ಗ್ರಾನೈಟ್ ಹಾಕರಿ. ಕುಗ್ಗೂದುಲ್ಲ, ಹಿಗ್ಗೂದುಲ್ಲ, ಕುಕ್ಕರ್ ಇಟ್ರೂ ಏನೂ ಆಗೂದುಲ್ಲ.

ಅಡಗಿಮನಿ_ಅಳತಿ (ಬಾಗಲಕೋಟೆ ನವನಗರ):
ಕಲ್ಲಿನ ಅಣ್ಣಾರು ಹೇಳಿದ್ದು ಅರ್ಧ ಒಪ್ಪತೀನಿ. ಸಿಂಕು ಮತ್ತ ಗ್ಯಾಸ್ ಇರೋ 6 ಅಡಿಗೆ ಗ್ರಾನೈಟ್‌ನ ಹಾಕರಿ, ಆ ಜಾಗಕ್ಕ ಯಾವ ಕಟಗಿನೂ ಸರಿಯಲ್ಲ. ಸಿಂಕಿನ ಸುತ್ತ ಕೊಯ್ದ ತುದಿಯಿಂದ ನೀರು ಸ್ಟ್ರಾ ಹಾಕಿದಂಗ ಒಳಗ ಹೋಗ್ತದ. ಒಣ ಕೆಲಸದ 8 ಅಡಿಗೆ ಕಟಗಿ ಇರಲಿ. ಭಾಂಡೆ ಇಟ್ಟಾಗ ಸಪ್ಪಳ ಕಡಿಮಿ, ಗಾಜು ಬಿದ್ರ ಒಡಿಯೂದು ಕಡಿಮಿ.

ಎರಡೂ ಕೂಡೋ ಜಾಗ ಕಲಿಸೋ ಪಾಠ ಬ್ಯಾರೆ. ಎಲ್ ಮೂಲಿ ತನಕ ಗ್ರಾನೈಟ್ ಓಡಿಸಿ, ಕಟಗಿ ಹಲಗಿಯ ತುದಿ ಅದಕ್ಕ ಬಂದು ನಿಲ್ಲೂ ಹಂಗ ಮಾಡ್ರಿ. ಕಟಗಿ ಉದ್ದಕ್ಕ ಹೆಚ್ಚೂ ಕಡಿಮಿ ಆಡೂದೇ ಇಲ್ಲ, ಆಡೂದು ಅಗಲಕ್ಕ. ಹಂಗಾಗಿ ತುದಿಯಾಗ 3 ಮಿ.ಮೀ. ಸಂದು, ಅದಕ್ಕ ಸಿಲಿಕಾನ್ ಸಾಕು. ಸಿಮೆಂಟ್ ತುಂಬಬ್ಯಾಡ್ರಿ. ಹಲಗಿ ಕೂಡ್ರಿಸೂದಕ್ಕಿಂತ ಮೊದಲ ಆ ತುದಿಗೆ ಎಪಾಕ್ಸಿ ಮೂರು ಸಲ ಬಳೀರಿ, ಮೊದಲಿನ ಎರಡು ಸಲ ಕುಡದು ಒಣ ಕಾಣ್ತದ, ಮೂರನೇದು ಮ್ಯಾಲ ನಿಲ್ತದ.

ಗ್ರಾನೈಟ್ 18-20 ಮಿ.ಮೀ., ಹಲಗಿ 38. ಕೆಳಗಿನ ಆಧಾರ ಎರಡು ಎತ್ತರಕ್ಕ ಮಾಡಿಸಬೇಕು. ಇದನ್ನ ಗೌಂಡಿಗೆ ಮೊದಲೇ ಹೇಳಲಿಲ್ಲಂದ್ರ ಕಟ್ಟಿ ಮ್ಯಾಲ ಮೆಟ್ಟಿಲಾ ಬರ್ತದ.

ಗುಮ್ಮಟನೆರಳು:
ಅಕ್ಕಾರ, 38 ಬೇಕೇ ಬೇಕೇನ್ರಿ? 25 ಮಿ.ಮೀ. ಹಾಕಿದ್ರ ರೊಕ್ಕ ಉಳೀತಿತ್ತು.

ಅಡಗಿಮನಿ_ಅಳತಿ:
ನೀವು ಚಪಾತಿ ಅಷ್ಟೇ ಲಟ್ಟಿಸೂದಾದ್ರ 25 ನಡೀತಿತ್ತು. ಜೋಳದ ರೊಟ್ಟಿ ಅಂದ್ರ ಬಡಿಯೂದು. ದಿನಾ ಇಪ್ಪತ್ತು ರೊಟ್ಟಿ ಒಂದೇ ಜಾಗದಾಗ ಬಡದ್ರ 25ರ ಹಲಗಿ ಡೋಲು ಆಗ್ತದ, ಮಿಕ್ಸರ್ ಕುಣೀತದ, ಅಂಟಿನ ಕೂಡಿಕಿಗೆ ದಿನಾ ಪೆಟ್ಟು. 38 ಮಿ.ಮೀ. ಹಾಕಿ, ಕೆಳಗ 600 ಮಿ.ಮೀ.ಗೊಂದು ನಿಲುವು ಪಾರ್ಟಿಷನ್ ಕೊಡ್ರಿ, ರೊಟ್ಟಿ ಜಾಗಾ ಬರೋಬರಿ ಒಂದು ಪಾರ್ಟಿಷನ್ ಮ್ಯಾಲೇ ಬರೂ ಹಂಗ.

ರಂದಾ_ಉಳಿ:
ಹೌದು, ರೊಟ್ಟಿಗೆ ಒಂದೂವರಿ ಇಂಚು ಬೇಕು. ಈಗ ಮಾಲಿನ ಲೆಕ್ಕ.

ತಯಾರ ಹಲಗಿ 8 ಅಡಿ ಗುಣಿಸು 24 ಇಂಚು ಗುಣಿಸು 1.5 ಇಂಚು, ಭಾಗಿಸು 144. ಬರೋಬರಿ 2 ಘನ ಅಡಿ. ಆದರ ಖರೀದಿ 2 ಮಾಡಿದ್ರ ಕೆಲಸ ಅರ್ಧಕ್ಕ ನಿಲ್ತದ. ಪಟ್ಟಿ ಅಗಲ ರಂದಾ ಹೊಡದ ಮ್ಯಾಲ 2.4 ಇಂಚು ಹಿಡೀರಿ, 10 ಪಟ್ಟಿ ಬೇಕು. ಕೊಯ್ಸೂದು 2.75 ಇಂಚು ಅಗಲ, 1.75 ದಪ್ಪ, ಎಂಟೂವರಿ ಅಡಿ ಉದ್ದ. 10 ಪಟ್ಟಿಗೆ 2.84 ಘನ ಅಡಿ. ಗಂಟು, ಸೊಟ್ಟ ಅಂತ ಎರಡು ಪಟ್ಟಿ ಹೆಚ್ಚಿಗಿ, 12ಕ್ಕ 3.41. ಅಂದ್ರ ಮೂರೂವರಿ ತರಸರಿ.

ಒಂದೇ ಅಗಲ ಹಲಗಿ ಇಲ್ಲಾ 6-6 ಇಂಚಿನ ನಾಲ್ಕು ಹಲಗಿ ಯಾಕ ಬ್ಯಾಡ ಅಂದ್ರ, ಅಗಲ ಹಲಗಿ ತನ್ನ ಬಳಿ ಸುತ್ತಿನ ಉಲ್ಟಾ ದಿಕ್ಕಿಗೆ ಬಾಗ್ತದ. ಸಣ್ಣ ಪಟ್ಟಿಯಾಗ ಆ ಬಾಗು ಕೂದಲೆಳಿ ಅಷ್ಟು ಹಂಚಿ ಹೋಗ್ತದ. ಕೊಯ್ತದಾಗ ಬಳಿ ನಿಂತಂಗ ಕಾಣೋ ಪಟ್ಟಿ ಸಿಕ್ರ ಅದೇ ಎಲ್ಲಾಕ್ಕಿಂತ ಚೊಲೋ, ಅದು ಅಡ್ಡಸೀಳಿನ ಅರ್ಧದಷ್ಟೇ ಆಡ್ತದ.

ಕ್ರಮ: ಪಟ್ಟಿ ನಿಮ್ಮ ಮನಿಗೇ ತಂದು, ಕೆಲಸ ಆಗೂ ಕೋಣಿಯಾಗ ಅಟ್ಟಿ ಹಚ್ಚಿ ಮೂರು ವಾರ ಬಿಡ್ರಿ. ಬೆಳಗಾವ್ಯಾಗ ಮಳಿಗಾಲದಾಗ ಅಂಟಿಸಿ ತಯಾರ ಹಲಗಿ ಲಾರಿ ಮ್ಯಾಲ ಕಳಸೂದು ಬ್ಯಾಡೇ ಬ್ಯಾಡ. ಆಮ್ಯಾಲ ರಂದಾ. ರಂದಾ ಹೊಡದ ದಿನಾನ ಅಂಟಿಸಬೇಕು. ಸಾಗವಾನಿಯೊಳಗಿನ ಎಣ್ಣಿ ಮತ್ತ ಮ್ಯಾಲ ಬರ್ತದ, ಅಂಟು ಹಿಡಿಯೂದುಲ್ಲ. ಅಂಟಿಸೂ ಮುಖ ಎರಡೂ ಥಿನ್ನರ್ ಇಲ್ಲಾ ಅಸಿಟೋನ್ ಬಟ್ಟೀಲೆ ಒರಸಿ, ಆರಿದ ಮ್ಯಾಲ ತಾಸಿನೊಳಗ ಅಂಟು ಹಚ್ಚರಿ. ಸಾದಾ ಬಿಳಿ ಅಂಟು ಅಲ್ಲ, ನೀರು ತಡಿಯೂ ಮರೀನ್ ಜಾತಿದು. ಒಂಬತ್ತು ಕೂಡಿಕಿಗೆ ಅರ್ಧ ಕೆ.ಜಿ. ಡಬ್ಬಿ ಸಾಕು.

ಹತ್ತೂ ಪಟ್ಟಿ ಒಂದೇ ಸಲ ಅಂಟಿಸಾಕ ಹೋದ್ರ ಕೊನೀ ಪಟ್ಟಿಗೆ ಬರೂದ್ರಾಗ ಮೊದಲಿಂದು ಕೆನಿ ಕಟ್ಟಿರ್ತದ, ಅದೂ ನಿಮ್ಮ ಸೆಕೀ ಒಳಗ. ಐದೈದು ಪಟ್ಟಿ ಎರಡು ಭಾಗ ಮಾಡಿ, ಮರುದಿನ ನಡುವಿನ ಒಂದು ಕೂಡಿಕಿ ಹಾಕರಿ. ಕ್ಲಾಂಪ್ 9-10 ಇಂಚಿಗೊಂದು, ಒಂದು ಮ್ಯಾಲ ಒಂದು ಕೆಳಗ. ಎಲ್ಲಾ ಮ್ಯಾಲೇ ಹಾಕಿದ್ರ ಹಲಗಿ ಕಮಾನು ಆಗ್ತದ. ಅಂಟು ಸಣ್ಣ ಮುತ್ತಿನಂಗ ಸಾಲಾಗಿ ಹೊರಗ ಬಂದ್ರ ಬಿಗಿ ಬರೋಬರಿ. ಹೊರಗ ಏನೂ ಬರಲಿಲ್ಲಂದ್ರ ಅಂಟು ಕಡಿಮಿ ಆಗೇದ, ಧಾರಾಕಾರ ಸುರೀತಂದ್ರ ಬಿಗಿ ಹೆಚ್ಚಾಗಿ ಒಳಗ ಅಂಟೇ ಉಳಿದಿಲ್ಲ.

ತೇವಮಾಪಕ:
ಬಿಗಿಯುವ ಕ್ರಮದಲ್ಲೇ ಎಲ್ಲ ಇದೆ. ಮುಂಚೂಣಿಯ ಅಂಚು ಬಿಗಿ, ಹಿಂದಿನದು ಸಡಿಲ. ಹೀಗೆ ಮಾಡಿದರೆ ಹಲಗೆ ಹಿಗ್ಗಿ ಕುಗ್ಗುವುದೆಲ್ಲ ಗೋಡೆ ಕಡೆಗೆ ಹೋಗುತ್ತದೆ, ಮುಂದಿನ ಅಂಚು ಗ್ರಾನೈಟ್ ಅಂಚಿಗೆ ಸಮನಾಗಿಯೇ ನಿಲ್ಲುತ್ತದೆ.

ಹಲಗೆಯನ್ನು ಕೆಳಗಿನಿಂದ ಹಿಡಿಯುವ ಎಲ್ ಆಕಾರದ ಲೋಹದ ಪಟ್ಟಿಗೆ ಮುಂದಿನ ಸಾಲಿನಲ್ಲಿ ಗುಂಡು ತೂತು, ನಡುವಿನ ಮತ್ತು ಹಿಂದಿನ ಸಾಲಿನಲ್ಲಿ 12 ಮಿ.ಮೀ. ಉದ್ದದ ತೂತು. ತೂತಿನ ಉದ್ದ ಗೋಡೆಗೆ ಎದುರಾಗಿ ಇರಬೇಕು, ಗೋಡೆಯ ಜೊತೆ ಸಮಾನಾಂತರವಾಗಿ ಅಲ್ಲ. ಇದನ್ನು ತಿರುಗಿಸಿ ಹಾಕಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ವಾಷರ್ ಇಟ್ಟು ತಿರುಪನ್ನು ಕೈಬಿಗಿ ಮಾಡಿ ಕಾಲು ಸುತ್ತು ಹಿಂದೆ ಬಿಡಿ. ಗೋಡೆ ಕಡೆ 6 ಮಿ.ಮೀ. ಸಂದು ಬಿಟ್ಟು, ಗೋಡೆಯ ಟೈಲ್ಸ್ ಅಥವಾ ಕಲ್ಲಿನ ಪಟ್ಟಿ ಅದರ ಮೇಲೆ ಬಂದು ಮುಚ್ಚುವಂತೆ ಮಾಡಿ. ಸರಿಯಾಗಿ ಒಣಗಿದ ಹಲಗೆ ನಿಮ್ಮಲ್ಲಿ ವರ್ಷಕ್ಕೆ ಶೇ 4ರಷ್ಟು ತೇವ ಏರಿಳಿದರೆ 4.5 ಮಿ.ಮೀ. ಆಡುತ್ತದೆ, 6 ಸಾಕಾಗುತ್ತದೆ.

ಮುಂದಿನ ಅಂಚಿನ ಕೆಳಗೆ, ಅಂಚಿನಿಂದ 15 ಮಿ.ಮೀ. ಒಳಗೆ, 6 ಮಿ.ಮೀ. ಅಗಲ 4 ಮಿ.ಮೀ. ಆಳದ ಗೀರು ಹೊಡೆಸಿ. ಚೆಲ್ಲಿದ ನೀರು ಆ ಗೀರಿಗೆ ಬಂದು ಹನಿಯಾಗಿ ಉದುರುತ್ತದೆ, ಕಪಾಟಿನ ಬಾಗಿಲಿನ ತಲೆಗೆ ಇಳಿಯುವುದಿಲ್ಲ.

ತಿರುಪು ಸ್ಟೇನ್‌ಲೆಸ್ ಅಥವಾ ಹಿತ್ತಾಳೆ. ಹಿತ್ತಾಳೆ ಮೆದು, ಮೊದಲು ಅದೇ ಅಳತೆಯ ಕಬ್ಬಿಣ ತಿರುಪು ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಹಿತ್ತಾಳೆಯದನ್ನು ಹಾಕಿ. ಇಲ್ಲದಿದ್ದರೆ ತಲೆ ಕೈಗೆ ಬರುತ್ತದೆ.

ಗುಮ್ಮಟನೆರಳು:
ಪಾಲಿಶ್ ಯಾವುದು? ಪಿಯು (ಪಾಲಿಯುರೆಥೇನ್) ಹೊಡಸ್ರಿ ಅಂತಾರ ಎಲ್ಲಾರೂ. ಮನ್ಯಾಗ ಅಗಸಿ ಎಣ್ಣಿ, ಕುಸುಬಿ ಎಣ್ಣಿ ಅದಾವ, ಅವು ನಡೀತಾವೇನು?

ಅಡಗಿಮನಿ_ಅಳತಿ:
ಬಾಗಿಲಕ್ಕ ಪಿಯು, ಮ್ಯಾಲಿನ ಹಲಗಿಗೆ ಎಣ್ಣಿ. ಪಿಯು ಅಂದ್ರ ಮ್ಯಾಲ ಒಂದು ಪೊರಿ. ಚಾಕು ಗೀರು ಬಿತ್ತು, ಇಲ್ಲಾ ಬಿಸಿ ಕುಕ್ಕರ್ ಇಟ್ರಿ, ಪೊರಿ ಒಡೀತದ. ಒಡದ ಜಾಗದಾಗ ನೀರು ಪೊರಿ ಕೆಳಗ ಹೋಗಿ ಕರ್ರಗ ಆಗ್ತದ. ಅದನ್ನ ಸರಿ ಮಾಡಬೇಕಂದ್ರ ಇಡೀ 8 ಅಡಿ ಕೆರೀಬೇಕು. ಎಣ್ಣಿ ಹಾಕಿದ್ದಾದ್ರ ಆ ಒಂದು ಅಂಗೈ ಅಗಲ ತಿಕ್ಕಿ ಮತ್ತ ಎಣ್ಣಿ ಒರಸಿದ್ರ ಮುಗೀತು.

ಶೇಂಗಾ ಎಣ್ಣಿ ಒಣಗೂ ಜಾತಿನೇ ಅಲ್ಲ, ಅಂಟಂಟಾಗಿ ನಾರ್ತದ. ಕುಸುಬಿ ಎಣ್ಣಿ ಒಣಗ್ತದ, ಆದರ ಅದರ ಪುರುಸೊತ್ತು ನೋಡಿದ್ರ ನಿಮಗ ಸಿಟ್ಟು ಬರ್ತದ. ಒಗ್ಗರಣಿಗೇ ಇರಲಿ. ಗಾಣದ ಹಸಿ ಅಗಸಿ ಎಣ್ಣಿನೂ ಒಂದು ಪದರಕ್ಕ ದಿನಗಟ್ಟಲೆ ತಗೋತದ. ಬಣ್ಣದ ಅಂಗಡ್ಯಾಗ ಸಿಗೂ ಡಬಲ್ ಬಾಯಿಲ್ಡ್ ಅಗಸಿ ಎಣ್ಣಿಗೆ ಒಣಗೂ ಮದ್ದು ಬೆರಸಿರ್ತಾರ, ಹಂಗಾಗಿ ಅದು ಹಿಟ್ಟು ಕಲಸೂ, ಹೆಚ್ಚೂ ಮಣಿಗೆ ಬ್ಯಾಡ. ಟಂಗ್ ಎಣ್ಣಿ (ಟಂಗ್ ಮರದ ಬೀಜದ್ದು, ಒಣಗೂ ಜಾತಿ), ಇಲ್ಲಾ ಎಣ್ಣಿ-ಮೇಣ ಕೂಡಿದ ತಯಾರ ಡಬ್ಬಿ ತರಸರಿ, ಊಟದ ಸಾಮಾನಿಗೆ ನಡೀತದ ಅಂತ ಡಬ್ಬಿ ಮ್ಯಾಲ ಬರದಿದ್ದು. ಬಿಡಿ ಮಣಿಗೆ ಔಷಧ ಅಂಗಡೀ ಲಿಕ್ವಿಡ್ ಪ್ಯಾರಾಫಿನ್ ಸಾಕು.

ಹಚ್ಚೂ ರೀತಿ: 80, 120, 180 ನಂಬರ್ ತಿಕ್ಕೂ ಕಾಗದ (ಸ್ಯಾಂಡ್‌ಪೇಪರ್) ಕ್ರಮವಾಗಿ. ಆಮ್ಯಾಲ ಒದ್ದಿ ಬಟ್ಟಿ ಆಡಿಸಿ ಆರಿಸಿದ್ರ ಎಳಿ ಎದ್ದು ನಿಲ್ತಾವ, 180ರಿಂದ ಹಗೂರಕ ಮತ್ತೊಮ್ಮಿ. 240ರ ಮ್ಯಾಲ ಹೋಗಬ್ಯಾಡ್ರಿ, ನುಣುಪಾದಷ್ಟು ಎಣ್ಣಿ ಒಳಗ ಇಳಿಯೂದುಲ್ಲ. ಎಣ್ಣಿ ಹಚ್ಚಿ 20 ನಿಮಿಷ ಬಿಟ್ಟು, ಉಳಿದದ್ದನ್ನ ಒಂದು ಹನಿನೂ ಬಿಡದ ಒರಸರಿ. ದಿನಕ್ಕೊಂದು ಪದರ, ಐದು ಪದರ. ಮ್ಯಾಲಷ್ಟೇ ಅಲ್ಲ, ಕೆಳಗೂ ಅಷ್ಟೇ ಪದರ. ಕೆಳಗಿನ ಮುಖ ಬಿಟ್ರ ಒಂದು ಕಡೆ ತೇವ ಜೋರು ಹೋಗಿ ಬಂದು ಹಲಗಿ ತಾಟಿನಂಗ ಆಗ್ತದ. ಮುಂದ ನೀರಿನ ಹನಿ ಹಾಕಿ ನೋಡ್ರಿ, ಗುಂಡಗ ನಿಲ್ಲದ ಹರಡಿತಂದ್ರ ಮತ್ತೊಂದು ಪದರಿನ ವ್ಯಾಳ್ಯಾ ಬಂತು.

ರಂದಾ_ಉಳಿ:
ಎಣ್ಣಿ ಒರಸಿದ ಬಟ್ಟಿ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ! ಒಣಗೂ ಎಣ್ಣಿ ಒಣಗುವಾಗ ಕಾವು ಬಿಡ್ತದ, ಮುದ್ದಿಯೊಳಗ ಆ ಕಾವು ಹೊರಗ ಹೋಗದ ತಾನೇ ಬೆಂಕಿ ಹತ್ತತದ. ನೀರಾಗ ಅದ್ದಿ, ಹೊರಗ ನೆಲದ ಮ್ಯಾಲ ಬಿಡಿಸಿ ಹಾಸಿ ಒಣಗಿಸಿ ಒಗೀರಿ. ರಂದಾ ಹೊಟ್ಟಿನ ಹತ್ತಿರ ಅಂತೂ ತರಲೇಬ್ಯಾಡ್ರಿ.

ತೇವಮಾಪಕ:
ಕಲೆಗಳ ಬಗ್ಗೆ ಎರಡು ಮಾತು. ಅರಿಶಿನದ ಕಲೆ ಕೆರೆಯಲು ಹೋಗಬೇಡಿ, ಅದರ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಕಿಟಕಿಯ ಬಿಸಿಲು ಬೀಳುವ ಜಾಗವಾದರೆ ಕೆಲವು ದಿನಗಳಲ್ಲಿ ತಾನೇ ಮಾಸುತ್ತದೆ. ಕಬ್ಬಿಣದ ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್, ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ. ಕೈಗವಸು ಹಾಕಿ ಬ್ರಷ್‌ನಿಂದ ಹಚ್ಚಿ 20 ನಿಮಿಷ ಬಿಟ್ಟು, ಎರಡು-ಮೂರು ಸಲ ಶುದ್ಧ ನೀರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಎಣ್ಣೆ. ಅದು ವಿಷ. ಒಣಗಿ ಉಳಿದ ಪುಡಿಯನ್ನು ಕಾಗದದಿಂದ ತಿಕ್ಕಿದರೆ ಮೂಗಿಗೆ ಹೋಗುತ್ತದೆ, ಅದಕ್ಕೇ ಮೊದಲು ಒರೆಸುವುದು.

ಗುಮ್ಮಟನೆರಳು:
ಕಪಾಟಿನ ಡಬ್ಬಿ ಯಾವುದ್ರಾಗ? ಎಂಆರ್ ಪ್ಲೈ ಅಗ್ಗ ಸಿಗ್ತೈತಿ.

ಅಡಗಿಮನಿ_ಅಳತಿ:
ಎಂಆರ್ ಅಂದ್ರ ಹಸಿಗಾಳಿಗೆ ತಡಿಯೂದು, ನೀರಿಗೆ ಅಲ್ಲ. ಸಿಂಕಿನ ಕೆಳಗ ಐಎಸ್ 710 ಗುರುತಿನ ಮರೀನ್ ಪ್ಲೈ. ಅದನ್ನ 72 ತಾಸು ಕುದಿಯೂ ನೀರಾಗ ಇಟ್ಟು ಪರೀಕ್ಷೆ ಮಾಡೂದು. ಒಣ ಕಡೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿ ನೀರಿಗೆ ತಕ್ಕಮಟ್ಟಿಗೆ ತಡಿಯೂದು) ಸಾಕು. ಅಂಗಡ್ಯಾಗ "710" ಅಂತ ಬಾಯಿಮಾತು ಕೇಳಬ್ಯಾಡ್ರಿ, ಹಾಳಿ ಮ್ಯಾಲ ಐಎಸ್‌ಐ ಮುದ್ರಿ, ಲೈಸೆನ್ಸ್ ನಂಬರ್ ನೋಡ್ರಿ. ಎಂಡಿಎಫ್ (ಕಟಗಿ ನಾರು ಒತ್ತಿ ಮಾಡಿದ ಹಲಗಿ) ಸಿಂಕಿನ ಹತ್ತಿರ ಒಯ್ಯಬ್ಯಾಡ್ರಿ, ಒಮ್ಮಿ ಉಬ್ಬಿದ್ದು ಇಳಿಯೂದುಲ್ಲ.

ನಮ್ಮ ಕಡೆ ಹಳೇ ಪದ್ಧತಿ ಹಂಗ ಕಡಪಾ ಕಲ್ಲಿನ ಪಾರ್ಟಿಷನ್ ನಿಲ್ಲಿಸಿ, ಮುಂದ ಕಟಗಿ ಚೌಕಟ್ಟು, ಬಾಗಿಲಾ ಕೂಡ್ರಿಸೂದೂ ಬರೋಬರಿ ಐತಿ. ಗೆದ್ದಲಕ್ಕ ಹೆದರಿಕಿಲ್ಲ, ನೆಲ ತೊಳದ್ರೂ ಚಿಂತಿಲ್ಲ. ಪ್ಲೈ ಡಬ್ಬಿ ಮಾಡಿದ್ರ ಅದನ್ನ ನೆಲಕ್ಕ ತಾಗಸಬ್ಯಾಡ್ರಿ, 4 ಇಂಚಿನ ಪ್ಲಾಸ್ಟಿಕ್ ಕಾಲು ಕೊಡ್ರಿ. ಜೋಳ, ಗೋಧಿ ಡಬ್ಬಿ ಇಡೂ ಹಲಗಿ 18 ಮಿ.ಮೀ. ಆದ್ರ ಅಂತರ 600 ದಾಟಬಾರದು. ಪ್ಲೈನ ಮ್ಯಾಲಿನ ಎಳಿ ಹಲಗಿ ಉದ್ದಕ್ಕ ಓಡಬೇಕು, ಅಡ್ಡ ಕೊಯ್ದ್ರ ಬೇಗ ಜೋಲ್ತದ.

ತೊಲಿಜಂತಿ (ಬಾಗಲಕೋಟೆ):
ಹಳೇ ಮನಿ ಕಟಗಿ ಯಾರೂ ಹೇಳಲಿಲ್ಲಲ್ಲ? ಮಾಳಿಗಿ ಮನಿ ಕೆಡವಿದಾಗ ತೊಲಿ, ಜಂತಿ ಮಾರಾಕ ಬರ್ತಾವ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟಾಗಿಂದ ಬಾಗಲಕೋಟ್ಯಾಗ ಈ ಮಾಲಿಗೆ ಗಿರಾಕಿ ಇದ್ದೇ ಇದ್ದಾರ. ದಶಕಗಟ್ಟಲೆ ಇಲ್ಲಿಯ ಹವಾದಾಗೇ ಒಣಗಿದ ಕಟಗಿ, ತೇವದ ಚಿಂತಿನೇ ಇಲ್ಲ.

ನೋಡೂದು ಏನಂದ್ರ: ಗೋಡಿಯೊಳಗ ಹೂತಿದ್ದ ತುದಿ ಒಂದೊಂದು ಅಡಿ ಕಡದು ಒಗೀರಿ, ಗೆದ್ದಲು ಮತ್ತ ಕೊಳೆತ ಅಲ್ಲೇ ಇರೂದು. ಸುತ್ತಿಗಿಲೆ ಉದ್ದಕ್ಕ ಬಡಕೋತ ಹೋಗರಿ, ಟಣ್ ಅನ್ನೂದು ಬಿಟ್ಟು ಡಬ್ ಅಂದಲ್ಲಿ ಒಳಗ ಟೊಳ್ಳು. ಮುರದ ಮೊಳಿ ಒಳಗ ಉಳಿದಿರ್ತಾವ, ಲೋಹ ಹುಡುಕೂ ಸಣ್ಣ ಯಂತ್ರ ಆಡಿಸದ ಸಾ ಮಿಲ್ಲಿಗೆ ಒಯ್ದ್ರ ಬ್ಲೇಡಿನ ರೊಕ್ಕ ನಿಮ್ಮ ಮ್ಯಾಲ. ಸುಣ್ಣ, ಮಣ್ಣು ತಂತಿ ಬ್ರಷ್‌ಲೇ ತಿಕ್ಕಿ ತಗೀರಿ. ಮತ್ತ ಎಲ್ಲಾ ತೊಲಿನೂ ಸಾಗವಾನಿ ಅಲ್ಲ, ಬೇವು, ಜಾಲಿ ಭಾಳ ಇರ್ತಾವ. ಮಸಿ ಹಿಡದ ಮ್ಯಾಲ ಎಲ್ಲಾ ಒಂದೇ ಕಾಣ್ತಾವ, ಒಂದು ಮೂಲಿ ಕೆತ್ತಿ ನೋಡೇ ಮಾತಾಡ್ರಿ.

ಅಡ್ಡಾ_ಗರಗಸ:
ತೊಲಿಜಂತಿ ಅಣ್ಣಾರ ಮಾತಿಗೆ ಒಂದು ಸೇರಿಸ್ತೀನಿ. ಹಳೇ ತೊಲಿ ಕೊಯ್ದ ಕೂಡಲೇ ಪಟ್ಟಿ ಬಿಲ್ಲಿನಂಗ ಬಾಗಿದ್ರ ಗಾಬರಿ ಆಗಬ್ಯಾಡ್ರಿ, ಒಳಗಿನ ಬಿಗಿ ಬಿಡ್ತದ ಅಷ್ಟೇ. ದಪ್ಪ ಅರ್ಧ ಇಂಚು ಹೆಚ್ಚಿಗಿ ಇಟ್ಟು ಕೊಯ್ಸಿ, ಎರಡು ವಾರ ಬಿಟ್ಟು ರಂದಾ ಹೊಡಸರಿ.

ಗುಮ್ಮಟನೆರಳು:
ಹಂಗಾದ್ರ ಹಳೇ ಸಾಗವಾನಿ ತೊಲಿ ಸಿಕ್ರ ಮ್ಯಾಲಿನ ಹಲಗಿಗೆ, ಸಿಗಲಿಲ್ಲಂದ್ರ ಖಾನಾಪುರದ್ದು ಮೂರೂವರಿ ಘನ ಅಡಿ. ಬೇವು ಬಾಗಿಲಕ್ಕ, ಮುಂದಿನ ವರ್ಷ. ಬಾಗಿಲದಾಗ ನಡುವಿನ ಹಲಗಿ ಕೂಡ್ರಿಸೂದು ಹೆಂಗ? 14 ಇಂಚು ಅಗಲ ಬರ್ತೈತಿ.

ರಂದಾ_ಉಳಿ:
ಚೌಕಟ್ಟಿನ ಒಳ ಅಂಚಿಗೆ ಹಲಗಿ ಕೂಡೋ ಗೀರು 10 ಮಿ.ಮೀ. ಆಳ ತಗೀರಿ. ನಡುವಿನ ಹಲಗಿಗೆ ಅಂಟು ಹಚ್ಚಬ್ಯಾಡ್ರಿ, ಮೊಳಿ ಹೊಡಿಬ್ಯಾಡ್ರಿ, ಅದು ಗೀರಿನೊಳಗ ಆಡಬೇಕು. ಕೂಡ್ರಿಸೂ ತಿಂಗಳು ನೋಡಿ ಅಳತಿ ಹಿಡೀಬೇಕು. ಏಪ್ರಿಲ್‌ದಾಗ ಕೂಡ್ರಿಸಿದ್ರ ಹಲಗಿ ಪೂರ್ತಿ ಕುಗ್ಗಿರ್ತದ, ಎರಡೂ ಬದಿಗೆ 3-3 ಮಿ.ಮೀ. ಜಾಗ ಬಿಡ್ರಿ, ಇಲ್ಲಂದ್ರ ಮಳಿಗಾಲದಾಗ ಉಬ್ಬಿ ಚೌಕಟ್ಟಿನ ಮೂಲಿ ಬಿಡಸ್ತದ. ಆಗಸ್ಟ್‌ದಾಗ ಕೂಡ್ರಿಸಿದ್ರ 1 ಸಾಕು. ನಡುವಿನ ಹಲಗಿಗೆ ಪಾಲಿಶ್ ಚೌಕಟ್ಟಿಗೆ ಹಾಕೂದಕ್ಕಿಂತ ಮೊದಲ ಪೂರ್ತಿ ಹೊಡೀರಿ. ಆಮ್ಯಾಲ ಹೊಡದ್ರ ಬ್ಯಾಸಿಗಿ ಬಂದ ಕೂಡಲೇ ಎರಡೂ ಬದಿ ಬಿಳೀ ಗೆರಿ ಹೊರಗ ಕಾಣ್ತದ.

ಕಬ್ಜಾ (ಬಾಗಿಲಾ ತಿರುಗೂ ಕೀಲು) 900 ಮಿ.ಮೀ. ಎತ್ತರದ ಬಾಗಿಲದ ತನಕ ಎರಡು, ಅದರ ಮ್ಯಾಲ ಮೂರು.

ಗುಮ್ಮಟನೆರಳು:
ಬೊಡ್ಡಿ ತುದಿಗೆ ಇವತ್ತ ಬಣ್ಣ ಬಳದೇನಿ. ಒಂದು ತುದಿಯಾಗ ಆಗಲೇ ನಾಲ್ಕು ಇಂಚು ಸೀಳು ಬಂದೈತಿ.

ಅಡ್ಡಾ_ಗರಗಸ:
ಆ ತುದಿಯಿಂದ 6 ಇಂಚು ಕಡದು, ಹೊಸಾ ಮುಖಕ್ಕ ಮತ್ತ ಬಳೀರಿ. ಸೀಳಿನ ಮ್ಯಾಲೇ ಬಳದ್ರ ಅದು ಒಳಗ ಓಡಕೋತ ಹೋಗ್ತದ.